ಗಾಳ ಕಲಿಸಿದ್ದು, ಗಾಳ ಕಲಿಸದ್ದು

ಮುರುಗಮಲ್ಲಕ್ಕೆ ಬರುವವರು ಸಾಮಾನ್ಯವಾಗಿ ಎರಡು ಕಾರಣಗಳಿಗೆ ಬರುತ್ತಾರೆ. ಮುಕ್ತೀಶ್ವರನ ದರ್ಶನಕ್ಕೆ, ಇಲ್ಲವೇ ಅಮ್ಮಾಜಾನ್ ಬಾವಾಜಾನ್ ದರ್ಗಾದ ಜಿಯಾರತ್ತಿಗೆ. ಎರಡಕ್ಕೂ ಬಂದು ಹೋಗುವವರೂ ಬಹಳ ಮಂದಿ ಇದ್ದಾರೆ. ನಾನು ಮಾತ್ರ ಕೆಲವು ವರ್ಷಗಳಿಂದ ಮೂರನೆಯ ಕಾರಣವೊಂದನ್ನು ಇಟ್ಟುಕೊಂಡು ಭಾನುವಾರಗಳಂದು ಇತ್ತ ಬರುತ್ತಿದ್ದೇನೆ. ಬೈಕಿಗೆ ಕಟ್ಟಿದ ಕೋಲನ್ನು ನೋಡಿದ ಯಾರಿಗೂ ಆ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಗಾಳ ಹಾಕಲು ಬರುತ್ತೇನೆ.

ಇದು ನನ್ನ ತಾಯಿಯ ತವರು. ಚಿಕ್ಕಂದಿನಲ್ಲಿ ರಜೆಗೆ ಬಂದಾಗ ಎರೆಹುಳ ಸಿಕ್ಕಿಸಿ ಬೆರಳುದ್ದದ ಪಕ್ಕೆ ಮೀನುಗಳನ್ನು ಹಿಡಿದದ್ದುಂಟು. ಆಮೇಲೆ ಕೆರೆಗಳು ಒಣಗಿದವು. ನಮ್ಮ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ ಒಣಗಿತೆಂದರೆ ನೀರೆಂಬುದು ಕೊಳವೆಬಾವಿಯ ಸಾವಿರ ಅಡಿ ಕೆಳಗಿನ ಮಾತು. ಕೆರೆಯಂಗಳದಲ್ಲಿ ಜಾಲಿ ಬೆಳೆಯಿತು, ಹುಡುಗರು ಕ್ರಿಕೆಟ್ ಆಡಿದರು. 2021ರ ನವೆಂಬರಿನಲ್ಲಿ ಸುರಿದ ಮಳೆಗೆ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಎಷ್ಟೋ ಕೆರೆಗಳು ತುಂಬಿ ಕೋಡಿ ಹರಿದಾಗ, ಕೋಡಿ ಎಂಬ ಪದವನ್ನು ಪುಸ್ತಕದಲ್ಲಿ ಮಾತ್ರ ಓದಿದ್ದ ನಮ್ಮ ಮಕ್ಕಳು ಅದನ್ನು ಕಣ್ಣಾರೆ ಕಂಡರು. ನಲವತ್ತು ದಾಟಿದ್ದ ನಾನು ಮತ್ತೆ ಗಾಳ ಹಿಡಿದೆ. ಯಾವ ಕಸುಬಾದರೂ ಅಭ್ಯಾಸದಿಂದ ಬರುತ್ತದೆ ಎನ್ನುತ್ತೇವೆ. ಆದರೆ ನೀರಿನ ಬಳಿ ಕೂರುವ ಅಭ್ಯಾಸಕ್ಕೆ ಮೊದಲು ನೀರು ಬೇಕು. ಬರದ ನಾಡಿನವನಿಗೆ ಅಭ್ಯಾಸವೂ ಮಳೆಯ ಹಾಗೆ ಮೇಲಿನಿಂದ ಬರುವ ಕೊಡುಗೆಯೇ.

ನಾನು ಹಿಡಿಯಲು ಹೊರಟದ್ದು ಕೊರಮೀನು. ಕನ್ನಡದ ಬೇರೆ ಬೇರೆ ಸೀಮೆಗಳಲ್ಲಿ ಇದಕ್ಕೆ ಬೇರೆ ಬೇರೆ ಹೆಸರುಗಳಿವೆ. ತೆಲುಗು ಬೆರೆತ ನಮ್ಮ ಕಡೆ ಇದು ಕೊರಮೀನು. ವಿಜ್ಞಾನಿಗಳಿಗೆ ಚನ್ನಾ ಸ್ಟ್ರಯೇಟಾ. ಹಾವಿನಂಥ ತಲೆ, ಕಪ್ಪು ಬೆನ್ನು, ಬಾಯಿ ತುಂಬ ಹಲ್ಲು. ಸೊಸೈಟಿಯವರು ಕೆರೆಗೆ ಬಿಡುವ ಕಾಟ್ಲಾ, ರೋಹುಗಳಂತೆ ಇದು ಗುಂಪಿನಲ್ಲಿ ಮೇಯುವುದಿಲ್ಲ. ಜೊಂಡಿನ ಅಂಚಿನಲ್ಲಿ ಅಡಗಿ ಕೂತು ಬೇಟೆಯಾಡುತ್ತದೆ. ಇದರ ಇನ್ನೊಂದು ವಿಶೇಷ ಉಸಿರಾಟ. ಕಿವಿರು ಇದ್ದರೂ ಅದೊಂದೇ ಸಾಲದು. ಆಗಾಗ ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗಲೇಬೇಕು. ಮೇಲೆ ಬರಲು ಬಿಡದಿದ್ದರೆ ಮೀನಾಗಿದ್ದೂ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ಕೆರೆ ಬತ್ತಿದಾಗ ಒದ್ದೆ ಕೆಸರಿನಲ್ಲಿ ಹುದುಗಿ ದಿನ ದೂಡುವುದೂ ಈ ಗಾಳಿಯ ಬಲದಿಂದಲೇ.

ಮೊದಲ ಮೂರು ತಿಂಗಳು ನನಗೆ ಒಂದೂ ಸಿಗಲಿಲ್ಲ. ಕೆರೆಯ ಏರಿಯ ಮೇಲೆ ಹಳೆಯ ಸೈಕಲ್ ಒರಗಿಸಿ ಮೀನು ಹಿಡಿಯುತ್ತಿದ್ದ ಒಬ್ಬ ವೃದ್ಧರು ನನ್ನನ್ನು ನೋಡಿ ನಗುತ್ತಿದ್ದರು. ದಿನದಲ್ಲಿ ಪಂಚರ್ ಹಾಕುವವರು, ಬೆಳಗ್ಗೆ ಸಂಜೆ ಗಾಳದವರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಒಂದು ದಿನ ಅವರೇ ಬಂದು ಹೇಳಿದರು: "ಬೇಟಾ, ನೀನು ನೀರಿನ ಮೇಲೆ ಕಲ್ಲು ಹಾಕಿದ ಹಾಗೆ ಗಾಳ ಹಾಕ್ತೀಯ. ಮೊದಲು ಸುಮ್ಮನೆ ನೋಡು."

ನೋಡುವುದನ್ನು ಕಲಿಯಲು ಒಂದು ಮಳೆಗಾಲ ಹಿಡಿಯಿತು. ಕೆಂಡೆ ಮೀನು ಎದ್ದರೆ ನೀರಿನ ಮೇಲೆ ಅಗಲವಾದ ಬಳೆಯಂಥ ಅಲೆ. ಕೊರಮೀನು ಉಸಿರಿಗೆ ಬಂದರೆ ಗುಳುಕ್ ಎಂದು ಚಿಕ್ಕ ಸದ್ದು, ಒಂದು ಗುಳ್ಳೆ, ಮತ್ತೆ ಏನೂ ಇಲ್ಲ. ಒಂದು ಕಡೆ ಎದ್ದ ಮೀನು ಸ್ವಲ್ಪ ಹೊತ್ತಿನ ಮೇಲೆ ಅಲ್ಲೇ ಹತ್ತಿರದಲ್ಲಿ ಏಳುತ್ತದೆ. ನಮ್ಮ ನೆರಳು ನಮಗಿಂತ ಮುಂಚೆ ನೀರಿಗೆ ಬೀಳಬಾರದು. ಏರಿಯ ಮೇಲೆ ಧಪಧಪ ಹೆಜ್ಜೆ ಹಾಕಿದರೆ ನೆಲದ ಅದುರು ನೀರಿಗೆ ಹೋಗುತ್ತದೆ. ಎಲ್ಲಕ್ಕಿಂತ ಕಷ್ಟದ ಪಾಠ, ಮೀನು ಎರಗಿದ ಕೂಡಲೇ ಎಳೆಯದಿರುವುದು. ಕಪ್ಪೆಯನ್ನು ಅದು ಬಾಯಲ್ಲಿ ಸರಿಯಾಗಿ ಹಿಡಿದುಕೊಳ್ಳುವವರೆಗೆ ಒಂದು, ಎರಡು, ಮೂರು ಎಂದು ಎಣಿಸಬೇಕು. ಆ ಮೂರು ಎಣಿಸುವುದನ್ನು ಕಲಿಯುವಷ್ಟರಲ್ಲಿ ನಾನು ಹನ್ನೊಂದು ಮೀನುಗಳನ್ನು ಕಳೆದುಕೊಂಡಿದ್ದೆ. ಲೆಕ್ಕ ಹೇಗೆ ಗೊತ್ತೆಂದರೆ ಒಂದು ನೋಟ್‌ಬುಕ್ ಇಟ್ಟಿದ್ದೆ. ದಿನಾಂಕ, ಗಾಳಿಯ ದಿಕ್ಕು, ತೂಬಿನ ಎಷ್ಟನೆಯ ಕಲ್ಲಿನವರೆಗೆ ನೀರು, ಎಲ್ಲಿ ತಪ್ಪಿದೆ. ಉರ್ದು ಶಾಲೆಯಲ್ಲಿ ಓದು ಶುರು ಮಾಡಿ ಕನ್ನಡ ಹೈಸ್ಕೂಲಿನಲ್ಲಿ ಮುಗಿಸಿದವನಾದ್ದರಿಂದ ಆ ಪುಸ್ತಕ ಬಲದಿಂದ ಅರ್ಧ, ಎಡದಿಂದ ಅರ್ಧ ತುಂಬಿದೆ.

ಸುಮ್ಮನೆ ಮಾಡುತ್ತಾ ಹೋಗುವುದು ಬೇರೆ, ತಪ್ಪನ್ನು ಗುರುತಿಸಿ ಮತ್ತೆ ಮಾಡುವುದು ಬೇರೆ ಎಂದು ನನಗೆ ಗೊತ್ತಾದದ್ದು ಹೀಗೆ. ಎರಡನೆಯ ವರ್ಷದ ಕೊನೆಗೆ ಚಾಚಾ ನಗುವುದನ್ನು ನಿಲ್ಲಿಸಿದರು. ಮೂರನೆಯ ವರ್ಷ ಹೊಸ ಹುಡುಗರು ನನ್ನ ಹತ್ತಿರ ಬಂದು ಕೇಳತೊಡಗಿದರು.

ಇಲ್ಲಿಯವರೆಗಿನದು ಸಂತೋಷದ ಕಥೆ. ನಾನು ಓದುಗರ ಮುಂದೆ ಇಡಬೇಕೆಂದಿರುವ ಪ್ರಶ್ನೆ ಇದರ ನಂತರದ್ದು. ಒಂದು ಕೆಲಸದಲ್ಲಿ ಚೆನ್ನಾಗಿ ಪಳಗುವುದಕ್ಕೂ ಒಳ್ಳೆಯವನಾಗುವುದಕ್ಕೂ ಏನು ಸಂಬಂಧ?

ಹಳೆಯ ಜ್ಞಾನಿಗಳು ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾರೆ. ಕಟ್ಟುತ್ತಾ ಕಟ್ಟುತ್ತಾ ಮನುಷ್ಯ ಮನೆ ಕಟ್ಟುವವನಾಗುವಂತೆ ನ್ಯಾಯದ ಕೆಲಸ ಮಾಡುತ್ತಾ ನ್ಯಾಯವಂತನಾಗುತ್ತಾನೆ ಎಂಬುದು ಅರಿಸ್ಟಾಟಲನ ವಾದ. ಹನ್ನೊಂದನೆಯ ಶತಮಾನದಲ್ಲಿ ಹುಟ್ಟಿದ ಇಮಾಮ್ ಗಝ್ಝಾಲಿಯವರು ಸ್ವಭಾವವನ್ನು ತಿದ್ದಿಕೊಳ್ಳುವ ಬಗ್ಗೆ ಬರೆಯುತ್ತಾ ಕೈಬರಹದ ಉದಾಹರಣೆ ಕೊಡುತ್ತಾರೆ. ಅಕ್ಷರ ಸುಂದರವಾಗಬೇಕೆನ್ನುವವನು ಮೊದಮೊದಲು ಬಲವಂತದಿಂದ ನುರಿತವನ ಕೈಯನ್ನು ಅನುಕರಿಸುತ್ತಾನೆ, ಕೊನೆಗೆ ಅದೇ ಅವನ ಸಹಜ ಗುಣವಾಗುತ್ತದೆ. ಔದಾರ್ಯವೂ ವಿನಯವೂ ಹಾಗೆಯೇ ಕೈಗೂಡುತ್ತವೆ ಎಂದು ಅವರ ಅಭಿಪ್ರಾಯ. ಸ್ಲೇಟಿನ ಮೇಲೆ ಅಲಿಫ್ ತಿದ್ದಿ, ಆಮೇಲೆ ಅ ತಿದ್ದಿದ ನನಗೆ ಇದು ಅನುಭವಕ್ಕೆ ಹತ್ತಿರದ ಮಾತು.

ಆದರೆ ಈ ಮಾತಿಗೆ ಇನ್ನೊಂದು ಮಗ್ಗುಲೂ ಇದೆ. ಮತ್ತೆ ಮತ್ತೆ ಮಾಡಿದ್ದು ಸ್ವಭಾವವಾಗುವುದು ನಿಜವಾದರೆ, ಒಳ್ಳೆಯದರಂತೆ ಕೆಟ್ಟದ್ದೂ ಸ್ವಭಾವವಾಗುತ್ತದೆ. ನಮ್ಮ ಕಡೆ ಕೊರಮೀನಿಗೆ ಜೀವಂತ ಕಪ್ಪೆ ಸಿಕ್ಕಿಸುವುದು ವಾಡಿಕೆ. ಮೊದಲ ಸಲ ಕಪ್ಪೆಯ ಬೆನ್ನಿನ ಚರ್ಮದಲ್ಲಿ ಗಾಳ ತೂರಿಸಿದಾಗ ನನ್ನ ಕೈ ನಡುಗಿ ಬೆರಳಿಗೇ ಚುಚ್ಚಿಕೊಂಡೆ. ಹತ್ತನೆಯ ಸಲ ನಡುಗಲಿಲ್ಲ. ಇಪ್ಪತ್ತನೆಯ ಸಲಕ್ಕೆ ಅದನ್ನು ಮಾಡುತ್ತಲೇ ಫೋನಿನಲ್ಲಿ ಮಾತಾಡುತ್ತಿದ್ದೆ. ಕೈ ನಡುಗದಿರುವುದನ್ನು ಗಾಳದವರು ಪಳಗುವುದು ಎನ್ನುತ್ತಾರೆ. ಪಳಗಿದ್ದು ಕೈಯೋ, ಇಲ್ಲ ಕಲ್ಲಾದದ್ದು ಎದೆಯೋ ಎಂದು ಕೇಳಿಕೊಳ್ಳುವ ಅಭ್ಯಾಸ ಮಾತ್ರ ಗಾಳದಿಂದ ಬರುವುದಿಲ್ಲ. ಔಷಧಿಗೆ ಕಪ್ಪೆಯನ್ನು ಬಳಸಬಹುದೇ ಎಂದು ವೈದ್ಯನೊಬ್ಬ ಕೇಳಿದಾಗ ಪ್ರವಾದಿಯವರು(ಸ) ಕಪ್ಪೆಯನ್ನು ಕೊಲ್ಲಬೇಡಿ ಎಂದು ತಡೆದ ವಿಷಯ ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿರುವುದು ತಲೆಯಲ್ಲಿರುತ್ತದೆ, ಅಭ್ಯಾಸ ಬೆರಳಿನಲ್ಲಿರುತ್ತದೆ.

ನನ್ನ ತಪ್ಪು ಕಪ್ಪೆಯಲ್ಲಿಗೇ ನಿಲ್ಲಲಿಲ್ಲ. ಕೊರಮೀನು ಮರಿ ಸಾಕುವ ಮೀನು. ಮಳೆಗಾಲ ಶುರುವಾದಾಗ ಜೋಡಿಯಾಗಿ ಜೊಂಡಿನ ನಡುವೆ ಜಾಗ ಬಿಡಿಸಿ ಮೊಟ್ಟೆಯಿಡುತ್ತವೆ. ಮರಿಗಳು ಕೇಸರಿ ಮಿಶ್ರಿತ ಕೆಂಪು. ನೂರಾರು ಮರಿಗಳು ಒಂದೇ ಚೆಂಡಿನ ಹಾಗೆ ಮೇಲೆದ್ದು ಮುಳುಗುತ್ತಾ ಸಾಗಿದರೆ ಅವುಗಳ ಕೆಳಗೆ ತಂದೆ ತಾಯಿ ಕೆಲವು ವಾರ ಕಾವಲಿರುತ್ತವೆ. ಆ ಚೆಂಡಿನ ಹತ್ತಿರ ಏನೇ ಬಿದ್ದರೂ, ಹಸಿವಿಲ್ಲದಿದ್ದರೂ, ಅದನ್ನು ಓಡಿಸಲೆಂದೇ ಎರಗುತ್ತವೆ. ಗಾಳದವನಿಗೆ ಇದಕ್ಕಿಂತ ಸುಲಭದ ಮೀನಿಲ್ಲ. ಆದರೆ ಚೆಂಡನ್ನು ಗುರುತಿಸಲು ಕಣ್ಣು ಬೇಕು. ಹೊಸಬರಿಗೆ ಅದು ಗಾಳಿಗೆ ಅಲುಗಿದ ನೀರಿನಂತೆ ಕಾಣುತ್ತದೆ.

ಮೂರನೆಯ ವರ್ಷದ ಮಳೆಗಾಲದಲ್ಲಿ ನನಗೆ ಅದು ಕಂಡಿತು. ಸಂಜೆ ಒಂದನ್ನು ಹಿಡಿದೆ, ಎರಡು ಕಿಲೋಗೆ ಕಡಿಮೆಯಿರಲಿಲ್ಲ. ಜೋಡಿ ಇರುತ್ತದೆಂದು ಗೊತ್ತಿತ್ತಲ್ಲ, ಬೆಳಗಿನ ಫಜ್ರ್ ಮುಗಿಸಿ ಬಂದು ಇನ್ನೊಂದನ್ನೂ ಹಿಡಿದೆ. ಹುಡುಗರು ಫೋಟೋ ತೆಗೆದರು. ಮರುದಿನ ಅಲ್ಲಿಗೆ ಹೋದಾಗ ಮರಿಗಳ ಚೆಂಡು ಒಡೆದು ದಡದ ತಿಳಿನೀರಿನಲ್ಲಿ ಚದುರಿತ್ತು. ಎರಡು ಬೆಳ್ಳಕ್ಕಿಗಳು ಅವಸರವಿಲ್ಲದೆ ಹೆಕ್ಕುತ್ತಿದ್ದವು. ಅದರ ಮಾರನೆಯ ದಿನ ಬೆಳ್ಳಕ್ಕಿಗಳೂ ಇರಲಿಲ್ಲ.

ನಾನು ಇದನ್ನು ಚಾಚಾಗೆ ಹೇಳಿದೆ. ಅವರು ಬೈಯಲಿಲ್ಲ. "ಎರಡೂ ಹಿಡಿದೆಯಾ?" ಎಂದಷ್ಟೇ ಕೇಳಿದರು. ನಾನು ಬುದ್ಧಿವಂತನಂತೆ, ಮರಿ ಕಾಯುವ ಮೀನನ್ನು ಇನ್ನು ಮೇಲೆ ಯಾರೂ ಹಿಡಿಯಬಾರದೆಂದು ಹುಡುಗರಿಗೆಲ್ಲ ಹೇಳೋಣ ಎಂದೆ. ಅವರು ಬೀಡಿ ಆರಿಸಿ ಹೇಳಿದರು: "ನಿನಗೆ ತಿಂಗಳಾದರೆ ಸಂಬಳ ಬರುತ್ತೆ ಬೇಟಾ. ನನಗೆ ಕೊರಮೀನು ಅಂದರೆ ನಾಲ್ಕು ದಿನದ ಅಕ್ಕಿ. ನಾನು ಹಿಡೀತೀನಿ. ಆದರೆ ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡ್ತೀನಿ. ನನಗೆ ಕಲಿಸಿದವರು ಹಾಗೆ ಹೇಳಿದ್ದರು."

ಆ ಮಾತು ನನಗೆ ಇವತ್ತಿಗೂ ಪೆಟ್ಟಿನಂತಿದೆ. ಮೂರು ವರ್ಷ ಅವರ ಪಕ್ಕದಲ್ಲಿ ಕೂತು ಅವರ ಕೈಯನ್ನು ಕಲಿತಿದ್ದೆ, ಅವರ ಅಳತೆಯನ್ನು ಕಲಿತಿರಲಿಲ್ಲ. ಅವರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಬಡವನ ಕಸುಬಿನೊಳಗೆ ಮಿತಿಯೊಂದು ಮೊದಲಿನಿಂದ ಇತ್ತು. ಮಿತಿ ಇಲ್ಲದಿದ್ದದ್ದು ಹೊಟ್ಟೆ ತುಂಬಿದವನ ಹವ್ಯಾಸದಲ್ಲಿ.

ಈ ಪ್ರಶ್ನೆ ನಮ್ಮ ಕೆರೆಯದ್ದು ಮಾತ್ರವಲ್ಲ. ಗಾಳದವರ ಲೋಕದಲ್ಲಿ ಅಮೆರಿಕದ ಬಾಸ್ ಎಂಬ ಮೀನು ಬಹಳ ಪ್ರಸಿದ್ಧ. ಅಲ್ಲಿ ವಸಂತ ಬಂದಾಗ ಗಂಡು ಬಾಸ್ ಆಳವಿಲ್ಲದ ನೀರಿನ ತಳದಲ್ಲಿ ಗುಂಡಿ ಮಾಡಿಕೊಂಡು ಮೊಟ್ಟೆ, ಮರಿಗಳನ್ನು ಕಾಯುತ್ತದೆ. ಅದನ್ನು ಆಗ ಹಿಡಿಯುವುದು ಸರಿಯೇ ಎಂಬ ಜಗಳ ಅಲ್ಲಿಯೂ ಮುಗಿದಿಲ್ಲ. ಕೆನಡಾದ ಒಂಟಾರಿಯೋದ ಹಲವೆಡೆ ಆ ದಿನಗಳಲ್ಲಿ ಬಾಸ್ ಹಿಡಿಯುವುದನ್ನೇ ನಿಲ್ಲಿಸುತ್ತಾರೆ. 1972ರಲ್ಲಿ ರೇ ಸ್ಕಾಟ್ ಎಂಬಾತ ತಾನು ನಡೆಸುತ್ತಿದ್ದ ಬಾಸ್ ಸ್ಪರ್ಧೆಗಳಲ್ಲಿ ಹಿಡಿದ ಮೀನನ್ನು ಜೀವಂತ ಬಿಡುವ ಪದ್ಧತಿ ತಂದ. ಇಂದು ಅಲ್ಲಿ ಬಿಡುವವನೇ ಸಜ್ಜನ. ಅದೇ ಬಾಸ್ ಜಪಾನಿಗೆ 1925ರಲ್ಲಿ ಹೋಯಿತು, ಅಲ್ಲಿನ ಮೀನುಗಳನ್ನು ತಿಂದು ಹೆಚ್ಚಿತು. ಬಿವಾ ಸರೋವರವಿರುವ ಶಿಗಾ ಪ್ರಾಂತದಲ್ಲಿ 2003ರಿಂದ ಹಿಡಿದ ಬಾಸನ್ನು ಮತ್ತೆ ನೀರಿಗೆ ಬಿಡುವುದೇ ನಿಷಿದ್ಧ. ಒಂದು ಊರಿನ ಪುಣ್ಯ ಇನ್ನೊಂದು ಊರಿನ ತಪ್ಪು. 1932ರಲ್ಲಿ ಜಾರ್ಜಿಯಾದ ಜಾರ್ಜ್ ಪೆರ್ರಿ ಎಂಬ ಯುವ ರೈತ ಸುಮಾರು ಹತ್ತು ಕಿಲೋ ತೂಕದ ಬಾಸ್ ಹಿಡಿದ. ಆ ದಾಖಲೆಯನ್ನು ಸರಿಗಟ್ಟುವ ಮೀನು ಸಿಕ್ಕಿದ್ದು 2009ರಲ್ಲಿ, ಬಿವಾದಲ್ಲಿ. ಪೆರ್ರಿ ತನ್ನ ಮೀನನ್ನು ಏನು ಮಾಡಿದ? ಮನೆಗೆ ಒಯ್ದ, ಮನೆಯವರು ತಿಂದರು. ಅದು ಅಮೆರಿಕದ ಬಡತನದ ಕಾಲ.

ನಮ್ಮಲ್ಲೂ ಇಂಥ ಉದಾಹರಣೆಯಿದೆ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಸೀರ್ ಹಿಡಿದರು. ಅಂಥ ಮೀನುಗಳಿದ್ದ ಕಾವೇರಿ ಕಣಿವೆಯ ಆ ದೊಡ್ಡ ಮಹಸೀರ್ 2018ರಲ್ಲಿ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಹಿಡಿದು ಬಿಡುವ ಗಾಳದವರು ಬರುತ್ತಿದ್ದ ಕಾಲದಲ್ಲಿ ನದಿಗೆ ಡೈನಮೈಟ್ ಹಾಕುವವರನ್ನು ತಡೆಯುವ ಕಾವಲೂ ಇತ್ತು. ಹಾಗಾಗಿ ಹಿಡಿದು ಬಿಡುವುದನ್ನು ಹಗುರವಾಗಿ ಆಡಿಕೊಳ್ಳಲಾಗದು.

ಆದರೂ ನನಗೊಂದು ಅಳುಕು ಉಳಿದಿದೆ. ತಿನ್ನುವ ಉದ್ದೇಶವೇ ಇಲ್ಲದೆ ಒಂದು ಜೀವದ ಬಾಯಿಗೆ ಕೊಕ್ಕೆ ಹಾಕಿ, ಅದು ಒದ್ದಾಡುವಾಗ ಸಂತೋಷಪಟ್ಟು, ಫೋಟೋ ತೆಗೆದು ಬಿಡುವುದು ದಯೆಯೇ? ಜೀವವಿರುವುದನ್ನು ಗುರಿಯಾಟದ ವಸ್ತುವನ್ನಾಗಿ ಮಾಡಬಾರದೆಂಬ ಪ್ರವಾದಿವರ್ಯರ(ಸ) ತಾಕೀತು ಇದಕ್ಕೂ ಸಲ್ಲುತ್ತದೆಂದು ನನಗನಿಸುತ್ತದೆ. ಹಿಡಿದರೆ ಒಲೆಗೆ, ಒಲೆಗೆ ಬೇಡವಾದರೆ ಗಾಳವೇ ಬೇಡ ಎಂಬುದು ನನ್ನ ಮಟ್ಟಿಗೆ ಹೆಚ್ಚು ಪ್ರಾಮಾಣಿಕ.

ಒಬ್ಬ ಸ್ನೇಹಿತರು ಕೇಳಿದರು, "ಮೀನು ಹಲಾಲ್ ತಾನೇ? ಇಷ್ಟೊಂದು ತಲೆಕೆಡಿಸಿಕೊಳ್ಳೋದು ಯಾಕೆ?" ಹಲಾಲ್ ಹೌದು. ಆದರೆ ಕುರ್‌ಆನಿನ ಅಲ್ ಅಅರಾಫ್ ಅಧ್ಯಾಯದಲ್ಲಿ ಬರುವ ಕಡಲ ದಂಡೆಯ ಊರನ್ನು ನೆನೆಯಿರಿ. ಮೀನು ಅವರಿಗೂ ಹರಾಮ್ ಆಗಿರಲಿಲ್ಲ. ಸಬ್ಬತ್ತಿನ ಒಂದು ದಿನ ಮಾತ್ರ ಹಿಡಿಯಬಾರದಿತ್ತು, ಮೀನುಗಳು ಅಂದೇ ಕಣ್ಣೆದುರು ಮೇಲೆದ್ದು ಬರುತ್ತಿದ್ದವು. ವ್ಯಾಖ್ಯಾನಕಾರರು ವಿವರಿಸುವಂತೆ ಅವರು ಹಿಂದಿನ ದಿನವೇ ಬಲೆ, ಗುಂಡಿ ಸಿದ್ಧ ಮಾಡಿಟ್ಟು ಮರುದಿನ ಮೀನು ಎತ್ತಿಕೊಂಡರು. ನಿಯಮದ ಅಕ್ಷರ ಉಳಿಯಿತು, ಅರ್ಥ ಹೋಯಿತು. ಅವರು ದಡ್ಡರಾಗಿ ಕೆಡಲಿಲ್ಲ, ಜಾಣರಾಗಿ ಕೆಟ್ಟರು. ಮೀನು ಸುಲಭವಾಗಿ ಸಿಗುವ ದಿನವೇ ಪರೀಕ್ಷೆಯ ದಿನ.

ಮೀನಿನ ಮಾತು ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಾನು ಕಥೆ ಬರೆಯುವವನು. ಅದೂ ಕಾದು ಕೂರುವ ಕಸುಬೇ. ಮುರುಗಮಲ್ಲದ ದರ್ಗಾಕ್ಕೆ ಮನಸ್ಸು ಕೆಟ್ಟವರನ್ನು, ಮನೆಯಲ್ಲಿ ನೆಮ್ಮದಿಯಿಲ್ಲದವರನ್ನು ಕರೆತರುತ್ತಾರೆ. ದಿನಗಟ್ಟಲೆ ಅಲ್ಲೇ ತಂಗುವ ಹೆಂಗಸರು, ಸ್ವಲ್ಪ ಹೊತ್ತು ಸುಮ್ಮನೆ ಪಕ್ಕದಲ್ಲಿ ಕೂತರೆ ಸಾಕು, ಎದೆಯಲ್ಲಿದ್ದದ್ದನ್ನು ಹೇಳಿಬಿಡುತ್ತಾರೆ. ಬರೆಯಲು ಶುರು ಮಾಡಿದಾಗ ನನಗೆ ಕೇಳಿಸಿಕೊಳ್ಳಲು ಬರುತ್ತಿರಲಿಲ್ಲ, ನಡುವೆ ಬಾಯಿ ಹಾಕುತ್ತಿದ್ದೆ. ವರ್ಷಗಳು ಕಳೆದಂತೆ ಕಲಿತೆ. ಯಾವಾಗ ಸುಮ್ಮನಿರಬೇಕು, ಯಾವ ಪ್ರಶ್ನೆಗೆ ಬಾಯಿ ತೆರೆಯುತ್ತದೆ, ಎಷ್ಟು ಎಣಿಸಿ ಎಳೆಯಬೇಕು. ಒಬ್ಬ ತಾಯಿ ಹೇಳಿದ್ದನ್ನು ಹೆಸರು, ಊರು ಬದಲಿಸಿ ಕಥೆ ಮಾಡಿದೆ. ಅದಕ್ಕೆ ಮೆಚ್ಚುಗೆಯ ಪತ್ರಗಳು ಬಂದವು.

ಒಂದು ವರ್ಷದ ಮೇಲೆ ಚಿಂತಾಮಣಿಯ ಬಸ್ ನಿಲ್ದಾಣದಲ್ಲಿ ಕಾಲೇಜು ಓದುವ ಹುಡುಗಿಯೊಬ್ಬಳು ನನ್ನನ್ನು ಗುರುತಿಸಿದಳು. "ಸರ್, ಅದು ನಮ್ಮ ಅಮ್ಮಂದು ಅಲ್ವಾ?" ಎಂದಳು. ನಾನು ತಡಬಡಾಯಿಸಿದೆ. ಅವಳ ದನಿಯಲ್ಲಿ ಕೋಪವಿರಲಿಲ್ಲ. "ತುಂಬಾ ಚೆನ್ನಾಗಿ ಬರೆದಿದ್ದೀರ ಸರ್. ಅದಕ್ಕೇ ಎಲ್ಲರಿಗೂ ಗೊತ್ತಾಗಿಬಿಡ್ತು" ಎಂದು ಹೇಳಿ ಬಸ್ ಹತ್ತಿದಳು.

ಕೆಟ್ಟದಾಗಿ ಬರೆದಿದ್ದರೆ ಆ ತಾಯಿ ಬಚಾವಾಗುತ್ತಿದ್ದಳು. ನನ್ನ ಕೌಶಲವೇ ಅವಳಿಗೆ ಮುಳುವಾಯಿತು. ಉಸಿರಾಡಲೆಂದು ಮೇಲೆ ಬಂದವಳನ್ನು ನಾನು ಮೂರು ಎಣಿಸಿ ಎಳೆದಿದ್ದೆ.

ಅಂದಿನಿಂದ ನನಗೆ ಒಂದು ವಿಷಯ ಸ್ಪಷ್ಟವಾಗಿದೆ. ಕಲಿಯುವ ಮೊದಲು ನಾನು ಯಾವ ಮರಿಯ ತಾಯಿಯನ್ನೂ ಹಿಡಿದಿರಲಿಲ್ಲ, ಯಾರ ಗುಟ್ಟನ್ನೂ ಬಯಲು ಮಾಡಿರಲಿಲ್ಲ. ಅದು ಒಳ್ಳೆಯತನವಾಗಿರಲಿಲ್ಲ, ಕೈಲಾಗದತನವಾಗಿತ್ತು. ಮರಿಗಳ ಚೆಂಡು ಕಾಣದವನಿಗೆ ಅದನ್ನು ಬಿಡುವ ಪ್ರಶ್ನೆಯೇ ಬರುವುದಿಲ್ಲ. ಕಣ್ಣು ಪಳಗಿದ ಮೇಲೆ ಮಾತ್ರ ಹಿಡಿಯುವುದೋ ಬಿಡುವುದೋ ಎಂಬ ಆಯ್ಕೆ ಎದುರಾಗುತ್ತದೆ. ಅಭ್ಯಾಸ ನಮ್ಮನ್ನು ಒಳ್ಳೆಯವರನ್ನಾಗಿ ಮಾಡುವುದಿಲ್ಲ. ಒಳ್ಳೆಯವರೋ ಅಲ್ಲವೋ ಎಂದು ಕೇಳಬಹುದಾದ ಜಾಗಕ್ಕೆ ತಂದು ನಿಲ್ಲಿಸುತ್ತದೆ. ಕಾಣುವ ಶಕ್ತಿ ಹೆಚ್ಚಿದಷ್ಟೂ ಹೊಣೆ ಹೆಚ್ಚುತ್ತದೆ. ವೈದ್ಯನಿಗೂ, ವಕೀಲನಿಗೂ, ಮೇಷ್ಟ್ರಿಗೂ ಇದೇ ಲೆಕ್ಕ.

ನಮ್ಮ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣರು ಬಳೆ ಮಾರುವ ಕಸುಬಿನವರಾಗಿದ್ದರು. ಬಳೆ ತೊಡಿಸುವ ಕೈಯನ್ನು ನಾನು ನಮ್ಮ ಮನೆಗಳಲ್ಲಿ ಕಂಡಿದ್ದೇನೆ. ಗಾಜು ಒಡೆಯಬಾರದು, ಎದುರಿನ ಕೈಗೆ ನೋವಾಗಬಾರದು, ಬಳೆ ಏರಬೇಕು. ಅಲ್ಲಿ ಕೌಶಲ ಬೇರೆ, ಕರುಣೆ ಬೇರೆ ಎಂದು ವಿಂಗಡಿಸಲು ಬರುವುದಿಲ್ಲ. ನೋಯಿಸಿ ಬಳೆ ತೊಡಿಸುವವನನ್ನು ಯಾರೂ ಕುಶಲನೆನ್ನುವುದಿಲ್ಲ. ನಮ್ಮ ಬೇರೆ ಕಸುಬುಗಳಲ್ಲಿ ಈ ಅಳತೆಯನ್ನು ಹೊರಗಿಟ್ಟು ಕೌಶಲವನ್ನಷ್ಟೇ ಎಣಿಸುವುದನ್ನು ಕಲಿತಿದ್ದೇವೆ. ಎಷ್ಟು ಕಿಲೋ, ಎಷ್ಟು ಪುಟ, ಎಷ್ಟು ಬಹುಮಾನ.

ನಾನು ಗಾಳ ಬಿಟ್ಟಿಲ್ಲ. ಬಿಟ್ಟರೆ ಪ್ರಶ್ನೆಯಿಂದ ತಪ್ಪಿಸಿಕೊಂಡಂತೆ. ಜೀವಂತ ಕಪ್ಪೆಯ ಬದಲು ಅಂಗಡಿಯ ರಬ್ಬರ್ ಕಪ್ಪೆ ಬಂದಿದೆ, ಮೀನು ಸ್ವಲ್ಪ ಕಡಿಮೆ ಸಿಗುತ್ತದೆ. ಆ ತಾಯಿಯ ಮನೆಗೆ ಹೋಗಿ ಕ್ಷಮೆ ಕೇಳಬೇಕೆಂದು ಎರಡು ಸಲ ಹೊರಟು ಅರ್ಧ ದಾರಿಯಿಂದ ವಾಪಸಾಗಿದ್ದೇನೆ. ಮೂರು ಎಣಿಸುವುದನ್ನು ಕಲಿತವನಿಗೆ ಒಂದು ಬಾಗಿಲು ತಟ್ಟುವ ಅಭ್ಯಾಸ ಇನ್ನೂ ಆಗಿಲ್ಲ.

ಕಳೆದ ಮಳೆಗಾಲದಲ್ಲಿ ತೂಬಿನ ಬಲಕ್ಕೆ, ಜೊಂಡಿನ ಪಕ್ಕ, ಕೆಂಪು ಚೆಂಡೊಂದು ಮೇಲೆದ್ದಿತು. ಪಕ್ಕದಲ್ಲಿ ಕೂತಿದ್ದ ಹುಡುಗನಿಗೆ ಅದು ಕಾಣಲಿಲ್ಲ. ತೋರಿಸಿದರೆ ಅವನು ಕಲಿಯುತ್ತಾನೆ, ನಾಳೆ ಬಂದು ಹಿಡಿಯಲೂಬಹುದು. ತೋರಿಸದಿದ್ದರೆ ಬಿಡುವುದನ್ನೂ ಕಲಿಯಲಾರ. ಸ್ವಲ್ಪ ಹೊತ್ತು ಯೋಚಿಸಿ, ಚಾಚಾ ನನಗೆ ಮೊದಲು ಹೇಳದೆ ಬಿಟ್ಟದ್ದನ್ನು ಮೊದಲು ಹೇಳಿದೆ. ಜೋಡಿ ಇರುತ್ತದೆ, ಎರಡನ್ನೂ ಹಿಡಿಯಬೇಡ, ನಿನಗೆ ಮನೆಯಲ್ಲಿ ಅನ್ನವಿದ್ದರೆ ಒಂದನ್ನೂ ಹಿಡಿಯಬೇಡ ಎಂದೆ. ಆಮೇಲೆ ಬೆರಳು ಮಾಡಿ ತೋರಿಸಿದೆ.